ಸೋರಿಯಾಸಿಸ್ ಇರುವವರಿಗೆ ಹಿಮ್ಮಡಿ ನೋವು, ಬೆರಳಿನ ಊತ: ರೋಗ ಕೀಲುಗಳಿಗೆ ಇಳಿಯುತ್ತಿರುವ ಸೂಚನೆಯೇ?

ಪ್ರಶ್ನೆ: ನೀಲಿಶಾಯಿ

ಎಲ್ಲರಿಗೂ ನಮಸ್ಕಾರ. ನನಗೀಗ ನಲವತ್ತರ ಆಸುಪಾಸು. ಕಾಲೇಜಿನಲ್ಲಿದ್ದಾಗ ಕಾಣಿಸಿಕೊಂಡ ಸೋರಿಯಾಸಿಸ್ ಎಂಬ ಚರ್ಮದ ಕಾಯಿಲೆ ಈಗಲೂ ಇದೆ. ಆದರೆ ಮೊಣಕೈ, ನೆತ್ತಿ ಹಾಗೂ ಕಿವಿಯ ಹಿಂಭಾಗವನ್ನು ಬಿಟ್ಟು ಬೇರೆಡೆಗೆ ಹರಡಿಲ್ಲ. ಮುಲಾಮಿನಲ್ಲಿಯೇ ಹತೋಟಿಗೆ ಬರುವುದರಿಂದ ಚರ್ಮವೈದ್ಯರ ಬಳಿಗೆ ಹೋಗುವುದೂ ಅಪರೂಪವಾಗಿದೆ.

ಇತ್ತೀಚೆಗೆ ಒಂದಕ್ಕೊಂದು ಸಂಬಂಧವಿಲ್ಲದಂತೆ ತೋರುವ ಮೂರು ತೊಂದರೆಗಳು ಶುರುವಾಗಿವೆ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಊರುವಾಗ ಎಡಗಾಲಿನ ಹಿಮ್ಮಡಿಯ ಹಿಂಬದಿಯಲ್ಲಿ, ಮೀನಖಂಡದಿಂದ ಇಳಿದು ಬರುವ ದಪ್ಪ ಸ್ನಾಯುರಜ್ಜು ಮೂಳೆಗೆ ಸೇರುವ ಜಾಗದಲ್ಲಿ, ಚುಚ್ಚಿದಂತಹ ನೋವಾಗುತ್ತದೆ. ಓಡಾಡಿದ ಮೇಲೆ ಕಡಿಮೆಯಾಗುತ್ತದೆ. ಬಲಗಾಲಿನ ನಾಲ್ಕನೆಯ ಬೆರಳು ಪೆಟ್ಟಿಲ್ಲದೆಯೇ ಬುಡದಿಂದ ತುದಿಯವರೆಗೆ ಊದಿಕೊಂಡು, ಕೆಲವು ವಾರ ಹಾಗೆಯೇ ಇದ್ದು, ಈಗ ಅರ್ಧದಷ್ಟು ಇಳಿದಿದೆ. ಮೂರನೆಯದಾಗಿ, ಹೆಬ್ಬೆರಳು ಮತ್ತು ಉಂಗುರದ ಬೆರಳಿನ ಉಗುರುಗಳ ಮೇಲೆ ಸೂಜಿಮೊನೆಯಿಂದ ಒತ್ತಿದಂತಹ ಸಣ್ಣ ಕುಳಿಗಳು ಎದ್ದಿವೆ.

ಮನೆಯ ಹತ್ತಿರದ ವೈದ್ಯರು ರಕ್ತ ಪರೀಕ್ಷೆ ಮಾಡಿಸಿದರು. ರುಮಟಾಯ್ಡ್ ಫ್ಯಾಕ್ಟರ್ (ಒಂದು ಬಗೆಯ ಸಂಧಿವಾತದಲ್ಲಿ ಹೆಚ್ಚಾಗಿ ಕಾಣುವ ರಕ್ತದ ಅಂಶ) ನೆಗೆಟಿವ್, ಇಎಸ್‌ಆರ್ (ಉರಿಯೂತದ ಸೂಚಕ) ಸರಿಯಾಗಿದೆ, ಯೂರಿಕ್ ಆಸಿಡ್ ಮಾತ್ರ ಮಿತಿಗಿಂತ ಸ್ವಲ್ಪ ಮೇಲಿದೆ. "ನಿಮಗೆ ಸಂಧಿವಾತವಿಲ್ಲ, ಪಥ್ಯ ಮಾಡಿ ಸಾಕು" ಎಂದರು. ಇವು ಮೂರೂ ಬೇರೆ ಬೇರೆ ತೊಂದರೆಗಳೋ, ಅಥವಾ ಸೋರಿಯಾಸಿಸ್‌ಗೆ ಸಂಬಂಧಿಸಿದ, ಸೋರಿಯಾಟಿಕ್ ಆರ್ಥ್ರೈಟಿಸ್ ಎಂದು ಕರೆಯುವ ಒಂದೇ ಕೀಲುಕಾಯಿಲೆಯ ಮೂರು ಮುಖಗಳೋ? ರಕ್ತ ಪರೀಕ್ಷೆ ಸರಿಯಾಗಿದ್ದರೆ ನಿಶ್ಚಿಂತರಾಗಿರಬಹುದೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಬಿಳಿಹೂವು

ನೀಲಿಶಾಯಿಯವರೇ, ನಾನು ವೈದ್ಯಳಲ್ಲ. ಈ ಕಾಯಿಲೆಯೊಡನೆ ವರ್ಷಗಳಿಂದ ಬಾಳುತ್ತಿರುವವಳು. ನಿಮ್ಮ ಬರಹದಲ್ಲಿ ನನ್ನ ಗಮನ ಸೆಳೆದದ್ದು ನೋವಿನ ಜಾಗಕ್ಕಿಂತ ನೋವಿನ ವೇಳೆ. ದುಡಿದು ದಣಿದ ಕೀಲು ಸಂಜೆ ನೋಯುತ್ತದೆ, ಮಲಗಿದರೆ ಸಮಾಧಾನವಾಗುತ್ತದೆ. ಉರಿಯೂತವಿರುವ ಕೀಲಿನ ದಿನಚರಿ ಇದಕ್ಕೆ ತಿರುಗಾಮುರುಗಾ: ರಾತ್ರಿಯ ವಿಶ್ರಾಂತಿಯೇ ಅದಕ್ಕೆ ಆಗುವುದಿಲ್ಲ, ಬೆಳಿಗ್ಗೆ ಬಿಗಿದುಕೊಂಡಿರುತ್ತದೆ, ಕೆಲಸಕ್ಕೆ ಹಚ್ಚಿದ ಮೇಲೆ ಸಡಿಲವಾಗುತ್ತದೆ. ಬೆಳಗಿನ ಬಿಗಿತ ಅರ್ಧ ಗಂಟೆ ಮೀರಿ ಉಳಿಯುವುದಾದರೆ ಅದನ್ನು ವೈದ್ಯರ ಕಿವಿಗೆ ಹಾಕಲೇಬೇಕು.

ಈ ಬಿಗಿತ ನೋವಿನ ರೂಪದಲ್ಲಿಯೇ ಬರಬೇಕೆಂದಿಲ್ಲ. ನನಗೆ ಮೊದಲು ಕಂಡದ್ದು ಉಂಗುರ. ರಾತ್ರಿ ಸಲೀಸಾಗಿ ತಿರುಗುತ್ತಿದ್ದ ಉಂಗುರ ಬೆಳಿಗ್ಗೆ ಗೆಣ್ಣಿನ ಬಳಿ ಸಿಕ್ಕಿಕೊಳ್ಳುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಮತ್ತೆ ಸಡಿಲ. ಅಂಗಿಯ ಗುಂಡಿ ಹಾಕುವಾಗ ಬೆರಳು ಮಾತು ಕೇಳುತ್ತಿರಲಿಲ್ಲ. ಇದಕ್ಕಿಂತ ಮೊದಲೇ ಹಿಮ್ಮಡಿ ನೋವಿಗೆಂದು ಮೂಳೆ ವೈದ್ಯರೊಬ್ಬರ ಬಳಿ ಹೋಗಿದ್ದೆ. ಎಕ್ಸ್‌ರೇಯಲ್ಲಿ ಮೂಳೆ ಬೆಳೆದಿದೆ ಎಂದು ಹೇಳಿ ಮೆತ್ತನೆಯ ಚಪ್ಪಲಿ ಬರೆದುಕೊಟ್ಟರು. ಚರ್ಮದ ಕಾಯಿಲೆ ಇದೆಯೇ ಎಂದು ಅವರೂ ಕೇಳಲಿಲ್ಲ, ಕಾಲಿಗೂ ನೆತ್ತಿಗೂ ಏನು ಸಂಬಂಧವೆಂದು ನಾನೂ ಹೇಳಲಿಲ್ಲ. ತೊಂದರೆ ಇರುವುದು ಇಲ್ಲಿಯೇ. ಹಿಮ್ಮಡಿ ಒಬ್ಬ ವೈದ್ಯರಿಗೆ, ಉಗುರು ಇನ್ನೊಬ್ಬರಿಗೆ, ನೆತ್ತಿ ಮತ್ತೊಬ್ಬರಿಗೆ ಹೋಗುತ್ತದೆ. ಎಲ್ಲವನ್ನೂ ಒಟ್ಟಿಗೆ ನೋಡುವವರು ರೋಗಿಯೊಬ್ಬರೇ.

ಬೆರಳು ಇನ್ನೂ ಪೂರ್ತಿ ಇಳಿದಿಲ್ಲವಾದ್ದರಿಂದ ಇಂದೇ ಎರಡೂ ಪಾದಗಳನ್ನು ಅಕ್ಕಪಕ್ಕ ಇಟ್ಟು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ವೈದ್ಯರ ಸಮಯ ಸಿಗುವ ದಿನ ಊತ ಇರುತ್ತದೆಂಬ ಖಾತ್ರಿಯಿಲ್ಲ. ಇಲ್ಲದ ಊತವನ್ನು ಬಾಯಿಮಾತಿನಲ್ಲಿ ವಿವರಿಸಿ ನಂಬಿಸುವುದು ಕಷ್ಟ.

ಉತ್ತರ: ತಿಳಿನೀರು (ಚರ್ಮವೈದ್ಯೆ)

ಮುಖ ನೋಡದೆ, ಮುಟ್ಟಿ ಪರೀಕ್ಷಿಸದೆ ಯಾರಿಗೂ ರೋಗನಿರ್ಣಯ ಹೇಳಲಾಗದು. ಆದರೂ ನೀಲಿಶಾಯಿಯವರು ವಿವರಿಸಿರುವ ಮೂರೂ ಲಕ್ಷಣಗಳನ್ನು ಒಂದೇ ದಾರದಲ್ಲಿ ಪೋಣಿಸಿ ನೋಡಬೇಕೆಂಬುದರಲ್ಲಿ ನನಗೆ ಅನುಮಾನವಿಲ್ಲ.

ಸೋರಿಯಾಟಿಕ್ ಆರ್ಥ್ರೈಟಿಸ್ ಅಪರೂಪದ ತೊಡಕಲ್ಲ. ಅಧ್ಯಯನದಿಂದ ಅಧ್ಯಯನಕ್ಕೆ ಅಂಕಿ ಬದಲಾಗುತ್ತದೆಯಾದರೂ, ಸೋರಿಯಾಸಿಸ್ ಇರುವ ಐವರಲ್ಲಿ ಒಬ್ಬರಿಂದ ಹಿಡಿದು ಮೂವರಲ್ಲಿ ಒಬ್ಬರವರೆಗೆ ಇದು ಕಾಣಿಸಿಕೊಳ್ಳುತ್ತದೆ. 30ರಿಂದ 50 ವರ್ಷದೊಳಗೆ ಹೆಚ್ಚು, ಗಂಡು ಹೆಣ್ಣೆಂಬ ಭೇದ ಹೆಚ್ಚೇನೂ ಇಲ್ಲ. ಬಹುಪಾಲು ಜನರಲ್ಲಿ ಚರ್ಮದ ಕಾಯಿಲೆ ಮೊದಲು ಬಂದು, ಎಷ್ಟೋ ವೇಳೆ ಹತ್ತು ವರ್ಷಗಳ ನಂತರ ಕೀಲಿನ ಸರದಿ ಬರುತ್ತದೆ. ಕೆಲವರಲ್ಲಿ ಕೀಲೇ ಮೊದಲು ಕೆಡುವುದೂ ಉಂಟು. ಅಂಥವರ ನೆತ್ತಿ, ಹೊಕ್ಕುಳು, ಕಿವಿಯ ಹಿಂಭಾಗ ಮತ್ತು ಪೃಷ್ಠದ ಸೀಳನ್ನು ಹುಡುಕಿದರೆ ಅವರಿಗೇ ಗೊತ್ತಿಲ್ಲದ ಒಂದೆರಡು ಮಚ್ಚೆಗಳು ಸಿಗುತ್ತವೆ.

"ನನ್ನ ಚರ್ಮ ಹೆಚ್ಚು ಕೆಟ್ಟಿಲ್ಲ, ಹಾಗಾಗಿ ಕೀಲಿಗೂ ಅಪಾಯವಿಲ್ಲ" ಎಂಬ ಲೆಕ್ಕಾಚಾರವನ್ನು ನಮ್ಮ ರೋಗಿಗಳಲ್ಲಿ ಬಹಳ ಮಂದಿ ಹಾಕಿಕೊಂಡಿರುತ್ತಾರೆ. ವ್ಯಾಪಕವಾಗಿ ಹರಡಿದವರಿಗೆ ಅಪಾಯ ಹೆಚ್ಚೆಂಬುದು ನಿಜ, ಆದರೆ ಅಂಗೈಯಗಲದ ಮಚ್ಚೆಯಿರುವವರಿಗೂ ಕೀಲುಗಳು ಗಂಭೀರವಾಗಿ ಕೆಡಬಹುದು. ಮಚ್ಚೆ ಎಷ್ಟಿದೆ ಎಂಬುದರ ಜೊತೆಗೆ ಎಲ್ಲಿದೆ ಎಂಬುದನ್ನೂ ನಾವು ನೋಡುತ್ತೇವೆ. ನೆತ್ತಿ, ಪೃಷ್ಠದ ಸೀಳು ಮತ್ತು ಉಗುರು, ಈ ಮೂರು ಜಾಗಗಳಲ್ಲಿ ಸೋರಿಯಾಸಿಸ್ ಇರುವವರ ಕೀಲುಗಳ ಮೇಲೆ ಹೆಚ್ಚಿನ ನಿಗಾ ಬೇಕು. ಸ್ಥೂಲಕಾಯ ಮತ್ತು ಹತ್ತಿರದ ರಕ್ತಸಂಬಂಧಿಗಳಲ್ಲಿ ಈ ಕಾಯಿಲೆ ಇರುವುದು ಅಪಾಯವನ್ನು ಇನ್ನಷ್ಟು ಹೆಚ್ಚಿಸುತ್ತವೆ.

ಉಗುರಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬೆರಳನ್ನು ನೇರ ಮಾಡುವ ಸ್ನಾಯುರಜ್ಜು ಕೊನೆಯ ಗೆಣ್ಣನ್ನು ದಾಟಿ ಮೂಳೆಗೆ ಅಂಟುವ ತಾಣದಿಂದ ಹೊರಡುವ ಎಳೆಗಳು ಉಗುರಿನ ಬುಡವನ್ನು ಸುತ್ತುವರಿದಿರುತ್ತವೆ. ಹೀಗಾಗಿ ಉಗುರು ಚರ್ಮದ ಅಂಗವಾಗಿದ್ದರೂ ಕೀಲಿನ ನೆರೆಮನೆಯಲ್ಲಿಯೇ ಬದುಕುತ್ತದೆ, ಅಲ್ಲಿನ ಉರಿಯೂತ ಇಲ್ಲಿಯೂ ಗುರುತು ಬಿಡುತ್ತದೆ. ಕುಳಿಗಳು, ಉಗುರಿನಡಿ ಎಣ್ಣೆಯ ಹನಿಯಂತಹ ಕಂದು ಕಲೆ, ತುದಿಯಿಂದ ಉಗುರು ಬಿಟ್ಟುಕೊಳ್ಳುವುದು, ಅಡಿಯಲ್ಲಿ ಪುಡಿಯಂತಹ ಪದರ ಕಟ್ಟುವುದು, ಇವೆಲ್ಲ ಅಂತಹ ಗುರುತುಗಳು. ಕಾಲಿನ ಉಗುರಾದರೆ ಶಿಲೀಂಧ್ರದ ಸೋಂಕೆಂದು ತಿಳಿದು ತಿಂಗಳುಗಟ್ಟಲೆ ಮಾತ್ರೆ ನುಂಗಿಸಿರುವ ಉದಾಹರಣೆಗಳನ್ನು ನಾನು ನೋಡಿದ್ದೇನೆ. ಉಗುರಿನ ಚೂರನ್ನು ಪರೀಕ್ಷೆಗೆ ಕಳುಹಿಸಿ ಖಚಿತಪಡಿಸಿಕೊಳ್ಳದೆ ಅಂತಹ ಚಿಕಿತ್ಸೆ ಆರಂಭಿಸಬಾರದು. ಎರಡೂ ಒಟ್ಟಿಗಿರುವ ಸಾಧ್ಯತೆಯೂ ಇದೆಯೆನ್ನಿ.

ಇನ್ನು ರಕ್ತ ಪರೀಕ್ಷೆ. ರುಮಟಾಯ್ಡ್ ಫ್ಯಾಕ್ಟರ್ ನೆಗೆಟಿವ್ ಬಂದರೆ ರುಮಟಾಯ್ಡ್ ಸಂಧಿವಾತದ ಸಾಧ್ಯತೆ ಕಡಿಮೆಯಾಗುತ್ತದೆ, ಅಷ್ಟೇ. ಸೋರಿಯಾಟಿಕ್ ಆರ್ಥ್ರೈಟಿಸ್‌ನಲ್ಲಿ ಅದು ಸಾಮಾನ್ಯವಾಗಿ ನೆಗೆಟಿವ್ ಆಗಿಯೇ ಇರುತ್ತದೆ. ಸಂಶೋಧಕರು ಈ ಕಾಯಿಲೆಯನ್ನು ವರ್ಗೀಕರಿಸಲು ಬಳಸುವ, 2006ರಲ್ಲಿ ಪ್ರಕಟವಾದ ಕ್ಯಾಸ್ಪರ್ ಮಾನದಂಡದಲ್ಲಿ ಆ ನೆಗೆಟಿವ್ ಫಲಿತಾಂಶಕ್ಕೇ ಒಂದು ಅಂಕವಿದೆ. ಕೀಲು, ಬೆನ್ನು ಅಥವಾ ಸ್ನಾಯುರಜ್ಜು ಅಂಟುವ ತಾಣದಲ್ಲಿ ಉರಿಯೂತವಿರುವುದು ಖಚಿತವಾದ ಮೇಲೆ, ಸದ್ಯ ಚರ್ಮದಲ್ಲಿ ಸೋರಿಯಾಸಿಸ್ ಇದ್ದರೆ ಎರಡು ಅಂಕ, ಉಗುರಿನ ಬದಲಾವಣೆಗೆ ಒಂದು, ಇಡೀ ಬೆರಳಿನ ಊತಕ್ಕೆ ಒಂದು, ಹೀಗೆ ಮೂರು ಅಂಕ ಸೇರಿದರೆ ಸಾಕು. ಅಂದರೆ ಯಾವ ಫಲಿತಾಂಶವನ್ನು ತೋರಿಸಿ ನಿಮಗೆ ಸಂಧಿವಾತವಿಲ್ಲ ಎನ್ನಲಾಯಿತೋ, ಅದೇ ಫಲಿತಾಂಶ ಇಲ್ಲಿ ಕಾಯಿಲೆಯ ಪರವಾಗಿ ಎಣಿಕೆಯಾಗುತ್ತದೆ. ಇಎಸ್‌ಆರ್ ಮತ್ತು ಉರಿಯೂತದ ಇನ್ನೊಂದು ಸೂಚಕವಾದ ಸಿಆರ್‌ಪಿಗಳೂ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಏರಿರುವುದಿಲ್ಲ.

ಯೂರಿಕ್ ಆಸಿಡ್ ಸೋರಿಯಾಸಿಸ್ ಇರುವವರಲ್ಲಿ ಸ್ವಲ್ಪ ಏರಿರುವುದು ಸಾಮಾನ್ಯ; ಅದೊಂದರಿಂದಲೇ ಗೌಟ್ (ಯೂರಿಕ್ ಆಸಿಡ್ ಕೀಲಿನಲ್ಲಿ ಹರಳುಗಟ್ಟಿ ಬರುವ ಸಂಧಿವಾತ) ಎಂದು ತೀರ್ಮಾನಿಸಲಾಗದು. ಗೌಟ್ ಹೆಚ್ಚಾಗಿ ರಾತ್ರೋರಾತ್ರಿ ಎರಗುತ್ತದೆ, ಒಂದು ದಿನದೊಳಗೆ ಉತ್ತುಂಗಕ್ಕೇರುತ್ತದೆ, ಹೊದಿಕೆ ತಾಗಿದರೂ ಸಹಿಸಲಾಗದಂತೆ ನೋಯುತ್ತದೆ, ಒಂದೆರಡು ವಾರದಲ್ಲಿ ತಾನಾಗಿಯೇ ಇಳಿಯುತ್ತದೆ. ವಾರಗಟ್ಟಲೆ ಮೊಂಡುಬಿದ್ದು ಕೂತ, ಬೆರಳಿಗೆ ಬೆರಳೇ ಊದಿದ ಸ್ಥಿತಿ ಅದಕ್ಕಿಂತ ಭಿನ್ನ: ಅಲ್ಲಿ ಕೀಲೊಂದೇ ಅಲ್ಲ, ಬೆರಳಿನುದ್ದಕ್ಕೂ ಸಾಗುವ ಸ್ನಾಯುರಜ್ಜಿನ ಪೊರೆಯೂ ಉರಿಯೂತಕ್ಕೆ ಸಿಕ್ಕಿರುತ್ತದೆ.

ಚರ್ಮವೈದ್ಯರ ಕೋಣೆಯಲ್ಲಿಯೇ ಕೇಳಿ ಮುಗಿಸಬಹುದಾದ ಪೆಸ್ಟ್ ಎಂಬ ಐದು ಪ್ರಶ್ನೆಗಳ ಪಟ್ಟಿಯೊಂದಿದೆ. ಯಾವಾಗಲಾದರೂ ಕೀಲು ಊದಿಕೊಂಡಿತ್ತೇ, ಸಂಧಿವಾತವಿದೆಯೆಂದು ವೈದ್ಯರು ಎಂದಾದರೂ ಹೇಳಿದ್ದರೇ, ಉಗುರುಗಳಲ್ಲಿ ಕುಳಿಗಳಿವೆಯೇ, ಹಿಮ್ಮಡಿ ನೋವು ಬಂದಿತ್ತೇ, ಕಾರಣವಿಲ್ಲದೆ ಕೈ ಅಥವಾ ಕಾಲಿನ ಬೆರಳೊಂದು ಪೂರ್ತಿಯಾಗಿ ಊದಿ ನೋಯುತ್ತಿತ್ತೇ ಎಂಬಿವು ಆ ಪ್ರಶ್ನೆಗಳು. ಮೂರಕ್ಕೆ ಹೌದೆಂಬ ಉತ್ತರ ಬಂದರೆ ರುಮಟಾಲಜಿಸ್ಟರ (ಸಂಧಿವಾತ ತಜ್ಞರ) ಬಳಿಗೆ ಕಳುಹಿಸಬೇಕು. ನಿಮ್ಮ ಬರಹದಲ್ಲಿಯೇ ಮೂರು ಹೌದುಗಳಿವೆ.

ಉತ್ತರ: ದಡದಮರ

ಮೇಲಿನ ಉತ್ತರಗಳಿಗೆ ಗೌರವವಿಟ್ಟುಕೊಂಡೇ ಒಂದು ಆಕ್ಷೇಪ. ಇಂತಹ ಚರ್ಚೆಗಳನ್ನು ಓದಿದ ಪ್ರತಿಯೊಬ್ಬ ಸೋರಿಯಾಸಿಸ್ ರೋಗಿಗೂ ಮರುದಿನವೇ ಹಿಮ್ಮಡಿ ನೋಯಲು ಶುರುವಾಗುತ್ತದೆ. ನನಗೂ ಸೋರಿಯಾಸಿಸ್ ಇದೆ, ಮೊಣಕಾಲು ನೋವೂ ಇದೆ. ತಜ್ಞರು ಸರಿಯಾಗಿ ಪರೀಕ್ಷಿಸಿ ಇದು ವಯಸ್ಸಿನ ಸವೆತ ಮಾತ್ರ ಎಂದು ಹೇಳಿದ್ದಾರೆ. ನನ್ನ ತಾಯಿಯವರ ಕೈಬೆರಳುಗಳ ತುದಿಗೆಣ್ಣುಗಳು ಗಂಟುಕಟ್ಟಿದ್ದವು. ಅವರಿಗೆ ಚರ್ಮದ ಕಾಯಿಲೆ ಏನೂ ಇರಲಿಲ್ಲ. ಸವೆತವೂ ತುದಿಗೆಣ್ಣಿಗೆ ಬರುತ್ತದೆ, ಈ ಕಾಯಿಲೆಯೂ ತುದಿಗೆಣ್ಣಿಗೆ ಬರುತ್ತದೆ ಎಂದಾದರೆ ಸಾಮಾನ್ಯ ಮನುಷ್ಯ ಬೇರ್ಪಡಿಸುವುದು ಹೇಗೆ? ಬಿಳಿಹೂವು ಅವರು ಹೇಳಿದ ಬೆಳಗಿನ ನೋವಿನ ಸೂತ್ರವೂ ಹಿಮ್ಮಡಿಯ ಮಟ್ಟಿಗೆ ಸಾಲದು. ಅಂಗಾಲಿನ ನೋವಿನಿಂದ ನರಳುವ ಓಟಗಾರರಿಗೂ ಮೊದಲ ಹೆಜ್ಜೆಯೇ ಕಷ್ಟ.

ಉತ್ತರ: ನಡುದಾರಿ (ರುಮಟಾಲಜಿ ವಿಭಾಗದಲ್ಲಿ ಕೆಲಸ)

ದಡದಮರ ಅವರ ಆಕ್ಷೇಪ ನ್ಯಾಯವಾದದ್ದು. ಹಿಮ್ಮಡಿಯ ವಿಷಯದಲ್ಲಂತೂ ಅವರ ಮಾತು ಪೂರ್ತಿ ಸರಿ: ಮೊದಲ ಹೆಜ್ಜೆಯ ನೋವೊಂದನ್ನೇ ಹಿಡಿದು ಯಾವ ತೀರ್ಮಾನಕ್ಕೂ ಬರಲಾಗದು. ಆಗ ನಾವು ನೋಡುವುದು ಜೊತೆಗಾರರನ್ನು. ಓಟ, ಹೊಸ ಪಾದರಕ್ಷೆ, ದಿನವಿಡೀ ನಿಲ್ಲುವ ಕೆಲಸ, ಇಂಥ ಕಾರಣವೊಂದು ಕಣ್ಣೆದುರಿಗಿದ್ದು, ಒಂದೇ ಜಾಗದಲ್ಲಿ ನೋವಿದ್ದು, ಕೆಲವು ವಾರಗಳ ವ್ಯಾಯಾಮದಿಂದ ಇಳಿಯುತ್ತಿದ್ದರೆ ಅದು ಬಳಕೆಯ ನೋವಿರಬಹುದು. ಕಾರಣವಿಲ್ಲದೆ ಬಂದು, ಇಂದು ಹಿಮ್ಮಡಿ, ಮುಂದಿನ ತಿಂಗಳು ಮೊಣಕೈಯ ಹೊರಬದಿ, ಆಮೇಲೆ ಮಂಡಿಚಿಪ್ಪಿನ ಕೆಳಗೆ ಎಂದು ಜಾಗ ಬದಲಿಸುತ್ತಾ ಹೋದರೆ ಆ ಜಾಗಗಳನ್ನು ಗಮನಿಸಿ. ಇವೆಲ್ಲವೂ ಸ್ನಾಯುರಜ್ಜು ಮೂಳೆಗೆ ಅಂಟುವ ತಾಣಗಳೇ. ಈ ಕಾಯಿಲೆ ಮೊದಲು ಕೈಹಾಕುವುದು ಅನೇಕರಲ್ಲಿ ಇಂಥ ತಾಣಗಳಿಗೆ, ಕೀಲಿನ ಒಳಗಲ್ಲ. ಹಾಗಾಗಿಯೇ "ನನಗೆ ಕೀಲು ನೋವಿಲ್ಲ" ಎಂದು ಪ್ರಾಮಾಣಿಕವಾಗಿ ಹೇಳುವ ರೋಗಿಯಲ್ಲಿಯೂ ಕಾಯಿಲೆ ಆರಂಭವಾಗಿರಬಹುದು.

ತುದಿಗೆಣ್ಣನ್ನು ಬೇರ್ಪಡಿಸಲು ಬೆರಳಿನಿಂದ ಒತ್ತಿ ನೋಡುವುದೇ ಮೊದಲ ಪರೀಕ್ಷೆ. ಸವೆತದ ಗಂಟು ಕಲ್ಲಿನಂತೆ ಗಟ್ಟಿ, ಏಕೆಂದರೆ ಅದು ಮೂಳೆಯ ಬೆಳವಣಿಗೆ. ಉರಿಯೂತದ ಊತ ಮೆತ್ತಗೆ, ಒತ್ತಿದರೆ ಸ್ವಲ್ಪ ತಗ್ಗುತ್ತದೆ, ಮುಟ್ಟಿದರೆ ಬೆಚ್ಚಗಿರುತ್ತದೆ, ಪಕ್ಕದ ಉಗುರು ಕೆಟ್ಟಿರುವ ಸಾಧ್ಯತೆ ಹೆಚ್ಚು. ಸವೆತದಲ್ಲಿಯೂ ಬೆಳಗಿನ ಬಿಗಿತವಿದೆ, ಆದರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ, ಕೆಲಸ ಮಾಡಿದಷ್ಟೂ ನೋವು ಹೆಚ್ಚುತ್ತದೆ. ರುಮಟಾಯ್ಡ್ ಸಂಧಿವಾತ ಎರಡೂ ಕೈಗಳಲ್ಲಿ ಸರಿಸಮನಾಗಿ ಬರುತ್ತದೆ, ತುದಿಗೆಣ್ಣನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಸೋರಿಯಾಟಿಕ್ ಆರ್ಥ್ರೈಟಿಸ್ ಆರಂಭದಲ್ಲಿ ಹೆಚ್ಚಾಗಿ ಅಲ್ಲೊಂದು ಇಲ್ಲೊಂದು ಕೀಲನ್ನು ಹಿಡಿಯುತ್ತದೆ, ಎಡಬಲಗಳ ಹೊಂದಾಣಿಕೆ ಇರುವುದಿಲ್ಲ. ಒಬ್ಬರೇ ವ್ಯಕ್ತಿಗೆ ಸವೆತವೂ ಉರಿಯೂತವೂ ಇರಬಹುದೆಂಬುದು ನಮ್ಮ ದಿನನಿತ್ಯದ ತಲೆನೋವು.

ಬೆನ್ನಿನ ಬಗ್ಗೆ ಯಾರೂ ಬರೆಯಲಿಲ್ಲ. ನಲವತ್ತರೊಳಗೆ, ಇಂಥದ್ದೇ ದಿನ ಎಂದು ಹೇಳಲಾಗದಂತೆ ಮೆಲ್ಲಗೆ ಶುರುವಾಗಿ, ಮಲಗಿದರೆ ಕಡಿಮೆಯಾಗದೆ ನಡೆದಾಡಿದರೆ ಕಡಿಮೆಯಾಗುವ, ರಾತ್ರಿಯ ಉತ್ತರಾರ್ಧದಲ್ಲಿ ಎಬ್ಬಿಸುವ, ತಿಂಗಳುಗಟ್ಟಲೆ ಬಿಡದ ಸೊಂಟ ಅಥವಾ ಪೃಷ್ಠದ ನೋವು ಸೋರಿಯಾಸಿಸ್ ಇರುವವರಲ್ಲಿ ಕಂಡರೆ ಬೆನ್ನುಮೂಳೆಯ ಉರಿಯೂತವನ್ನು ಪರಿಗಣಿಸಲೇಬೇಕು. ಕುರ್ಚಿ ಬದಲಿಸಿದೆ, ಹಾಸಿಗೆ ಬದಲಿಸಿದೆ ಎನ್ನುತ್ತಾ ವರ್ಷಗಳನ್ನು ಕಳೆದವರು ಬಹಳ ಮಂದಿ ಇದ್ದಾರೆ.

ನೀಲಿಶಾಯಿಯವರು ಎಕ್ಸ್‌ರೇ ಮಾಡಿಸಿ ಅದೂ ಸರಿಯಾಗಿದೆ ಎಂಬ ವರದಿ ಬಂದರೆ ನಿರಾಳರಾಗಬೇಡಿ. ಎಕ್ಸ್‌ರೇಯಲ್ಲಿ ಕಾಣುವುದು ಮೂಳೆಗೆ ಆಗಿಹೋದ ಹಾನಿ. ಆರಂಭದ ಉರಿಯೂತ ಅಲ್ಲಿ ಕಾಣುವುದಿಲ್ಲ. ಡಾಪ್ಲರ್ ಸಹಿತ ಅಲ್ಟ್ರಾಸೌಂಡ್ ಮಾಡಿದರೆ ಹಿಮ್ಮಡಿಯ ಸ್ನಾಯುರಜ್ಜು ದಪ್ಪಗಾಗಿರುವುದೂ ಅಲ್ಲಿ ರಕ್ತಸಂಚಾರ ಹೆಚ್ಚಿರುವುದೂ ಕಾಣಸಿಗುತ್ತದೆ. ಬೆನ್ನಿಗಾದರೆ ಎಂಆರ್‌ಐ. ಅವಸರ ಏಕೆಂದರೆ, 2015ರಲ್ಲಿ ಐರ್ಲೆಂಡಿನಿಂದ ಪ್ರಕಟವಾದ ಅಧ್ಯಯನವೊಂದರಲ್ಲಿ, ಲಕ್ಷಣ ಆರಂಭವಾಗಿ ಆರು ತಿಂಗಳು ಮೀರಿದ ಮೇಲೆ ರುಮಟಾಲಜಿಸ್ಟರನ್ನು ಕಂಡವರಲ್ಲಿ ಮೂಳೆ ಕೊರೆದುಹೋಗುವುದೂ ಕೈಕಾಲುಗಳ ಕಾರ್ಯಶಕ್ತಿ ಕುಂದುವುದೂ ಬೇಗ ಬಂದವರಿಗಿಂತ ಹೆಚ್ಚಾಗಿ ಕಂಡುಬಂದಿತ್ತು. ಮೂಳೆ ಒಮ್ಮೆ ಕೊರೆದುಹೋದರೆ ಔಷಧದಿಂದ ಮೊದಲಿನಂತಾಗುವುದಿಲ್ಲ.

ಮರುಪ್ರಶ್ನೆ: ನೀಲಿಶಾಯಿ

ಎಲ್ಲರಿಗೂ ಧನ್ಯವಾದಗಳು. ರುಮಟಾಲಜಿಸ್ಟರ ಸಮಯ ಕೇಳಿದ್ದೇನೆ, ಮುಂದಿನ ತಿಂಗಳಿಗೆ ಕೊಟ್ಟಿದ್ದಾರೆ. ಇನ್ನೆರಡು ಅನುಮಾನಗಳು. ಅಲ್ಲಿಯವರೆಗೆ ನೋವಿನ ಮಾತ್ರೆ ತೆಗೆದುಕೊಳ್ಳಬಹುದೇ? ಪರಿಚಯದವರೊಬ್ಬರು ಸ್ಟೀರಾಯ್ಡ್ ಮಾತ್ರೆ ನಾಲ್ಕು ದಿನ ನುಂಗಿದರೆ ಎಲ್ಲವೂ ಮಾಯವಾಗುತ್ತದೆ ಎನ್ನುತ್ತಿದ್ದಾರೆ. ಎರಡನೆಯದು, ಚರ್ಮಕ್ಕೆ ಈಗಿನಿಂದಲೇ ಬಲವಾದ ಚಿಕಿತ್ಸೆ ಪಡೆದರೆ ಕೀಲುಗಳನ್ನು ಕಾಪಾಡಿಕೊಳ್ಳಬಹುದೇ?

ಉತ್ತರ: ತಿಳಿನೀರು (ಚರ್ಮವೈದ್ಯೆ)

ಸ್ಟೀರಾಯ್ಡ್ ಮಾತ್ರೆಯನ್ನು ಪರಿಚಯದವರ ಮಾತಿನ ಮೇಲೆ ಮುಟ್ಟಬೇಡಿ. ನೋವು ಮಾಯವಾಗುವುದು ನಿಜವಿರಬಹುದು. ನಿಲ್ಲಿಸಿದ ಮೇಲೆ ಸೋರಿಯಾಸಿಸ್ ಕೆರಳಿ ಮೈಯೆಲ್ಲ ಹರಡಬಹುದು, ಕೆಲವೊಮ್ಮೆ ಕೀವುಗುಳ್ಳೆಗಳೇಳುವ ಅಪಾಯಕಾರಿ ರೂಪಕ್ಕೆ ತಿರುಗಬಹುದು. ಐಬುಪ್ರೊಫೆನ್, ನ್ಯಾಪ್ರೊಕ್ಸೆನ್‌ನಂತಹ ನೋವುನಿವಾರಕಗಳು ಮೂತ್ರಪಿಂಡ, ಜಠರ, ರಕ್ತದೊತ್ತಡ ಅಥವಾ ಹೃದಯದ ತೊಂದರೆ ಇಲ್ಲದವರಿಗೆ ಅಲ್ಪಕಾಲ ಹೊಂದಬಹುದು, ಆದರೂ ನಿಮ್ಮ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಅವುಗಳಿಂದ ಎಷ್ಟು ಉಪಶಮನ ಸಿಕ್ಕಿತೆಂಬುದನ್ನು ಬರೆದಿಟ್ಟುಕೊಳ್ಳಿ, ಏಕೆಂದರೆ ಉರಿಯೂತದ ನೋವು ಇವಕ್ಕೆ ಚೆನ್ನಾಗಿ ಸ್ಪಂದಿಸುವುದೂ ವೈದ್ಯರಿಗೆ ಒಂದು ಸುಳಿವು. ಊತ ತಾತ್ಕಾಲಿಕವಾಗಿ ಇಳಿದು ಪರೀಕ್ಷೆಯ ದಿನ ಏನೂ ಕಾಣದೆ ಹೋಗಬಹುದಾದ್ದರಿಂದ ಬಿಳಿಹೂವು ಅವರು ಹೇಳಿದ ಫೋಟೊ ನಿಮ್ಮ ಬಳಿ ಇರಲಿ.

ಎರಡನೆಯ ಪ್ರಶ್ನೆಗೆ ಈವರೆಗಿನ ಅಧ್ಯಯನಗಳು ಒಂದೇ ಉತ್ತರ ಕೊಡುತ್ತಿಲ್ಲ. ಚರ್ಮಕ್ಕೆಂದು ಜೈವಿಕ ಔಷಧ (ಉರಿಯೂತದ ನಿರ್ದಿಷ್ಟ ಕೊಂಡಿಯನ್ನು ತಡೆಯುವ ಚುಚ್ಚುಮದ್ದು) ಪಡೆದವರಲ್ಲಿ ಕೀಲಿನ ಕಾಯಿಲೆ ಕಡಿಮೆ ಕಂಡಿತೆಂದು ಕೆಲವು ಹೇಳುತ್ತವೆ, ಇನ್ನು ಕೆಲವು ಅದಕ್ಕೆ ವಿರುದ್ಧವಾಗಿವೆ. ಆದ್ದರಿಂದ ಕೀಲು ಉಳಿಸಿಕೊಳ್ಳುವ ಆಸೆಯಿಂದ ಮಾತ್ರ ಬಲವಾದ ಔಷಧ ಶುರುಮಾಡಲು ನಾನು ಸಲಹೆ ಕೊಡುವುದಿಲ್ಲ. ಕೀಲಿನ ಕಾಯಿಲೆ ಖಚಿತವಾದರೆ ಮಾತು ಬೇರೆ. ಆಗ ಮೆಥೊಟ್ರೆಕ್ಸೇಟ್‌ನಿಂದ ಹಿಡಿದು ಟಿಎನ್‌ಎಫ್, ಐಎಲ್-17, ಐಎಲ್-23 ಎಂಬ ಉರಿಯೂತ ಕೆರಳಿಸುವ ಪ್ರೋಟೀನುಗಳನ್ನು ತಡೆಯುವ ಚುಚ್ಚುಮದ್ದುಗಳವರೆಗೆ, ಚರ್ಮ ಮತ್ತು ಕೀಲು ಎರಡಕ್ಕೂ ಕೆಲಸ ಮಾಡುವ ಔಷಧವನ್ನು ಇಬ್ಬರು ವೈದ್ಯರೂ ಕೂಡಿ ಆರಿಸಬಹುದು. ಹಾಗಾಗಿ ನೀವು ಹಚ್ಚುತ್ತಿರುವ ಮುಲಾಮುಗಳ ಪಟ್ಟಿಯನ್ನು ರುಮಟಾಲಜಿಸ್ಟರಿಗೂ, ಅವರ ಚೀಟಿಯನ್ನು ಚರ್ಮವೈದ್ಯರಿಗೂ ತೋರಿಸಿ. ತೂಕ ಹೆಚ್ಚಿದ್ದರೆ ಇಳಿಸುವುದು ಎರಡು ಬಗೆಯಲ್ಲಿ ಉಪಯೋಗ: ಹಿಮ್ಮಡಿಯ ಮೇಲಿನ ಭಾರ ತಗ್ಗುತ್ತದೆ, ಮುಂದೆ ಕೊಡುವ ಔಷಧವೂ ಚೆನ್ನಾಗಿ ಹಿಡಿಯುತ್ತದೆ.

ಮುಂದಿನ ತಿಂಗಳವರೆಗೆ ಕಾಯಬಾರದ ಎರಡು ಸಂದರ್ಭಗಳನ್ನು ಹೇಳಿಬಿಡುತ್ತೇನೆ. ಒಂದು ಕಣ್ಣು ಕೆಂಪಾಗಿ, ನೋವಿನೊಡನೆ ಬೆಳಕನ್ನು ಸಹಿಸದಂತಾದರೆ ಅದು ಕಣ್ಣಿನ ನಡುಪದರದ ಉರಿಯೂತವಿರಬಹುದು. ಅಂಗಡಿಯಿಂದ ಹನಿ ತಂದು ಹಾಕಿಕೊಳ್ಳದೆ ಅದೇ ದಿನ ಕಣ್ಣಿನ ವೈದ್ಯರ ಬಳಿಗೆ ಹೋಗಬೇಕು. ಒಂದೇ ಕೀಲು ಹಠಾತ್ತನೆ ಊದಿ, ಬಿಸಿಯಾಗಿ, ಜ್ವರವೂ ಜೊತೆಗೂಡಿದರೆ ಅದನ್ನು ಸೋರಿಯಾಸಿಸ್‌ನ ಲೆಕ್ಕಕ್ಕೆ ಬರೆಯಬೇಡಿ. ಕೀಲಿನೊಳಗೆ ಸೋಂಕು ಸೇರಿರಬಹುದಾದ್ದರಿಂದ ನೀರು ತೆಗೆದು ಪರೀಕ್ಷಿಸಬಲ್ಲ ಆಸ್ಪತ್ರೆಗೆ, ರಾತ್ರಿಯಾದರೂ ಸರಿಯೇ, ಆಗಲೇ ಹೋಗಿ.